ಗಂಡನ ಕೆಲಸ ಏನು ಅಂತಲೂ ಕೇಳಿ: ಆರೋಗ್ಯ ಸಚಿವರಿಗೆ ಮತ್ತು ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಅದಕ್ಕೆ ಕಾರಣ ಇದೆ. ನಾನು ಹೇಳಬೇಕಾದ ವಿಷಯದ ಅರ್ಧ ಭಾಗ ಆಸ್ಪತ್ರೆಯಲ್ಲಿದೆ, ಇನ್ನರ್ಧ ಕಾರ್ಖಾನೆಯಲ್ಲಿದೆ. ಹೀಗೆ ಎರಡು ಇಲಾಖೆಗಳ ನಡುವೆ ಬಿದ್ದಿರುವುದರಿಂದಲೇ ಅದು ಯಾರ ಫೈಲಿಗೂ ಬಂದಿಲ್ಲ. ಬ್ಯಾಟರಿ ಕೆಲಸ, ಸೀಸ ಕರಗಿಸುವ ಕೆಲಸ, ಗುಜರಿ ಕೆಲಸ ಮಾಡುವ ಗಂಡಸರಿಗೆ ಮಕ್ಕಳಾಗದಿದ್ದಾಗ ಅವರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಯಾರೂ ನೋಡುವುದಿಲ್ಲ. ನೋಡುವುದು ಇರಲಿ, ಅವರು ಏನು ಕೆಲಸ ಮಾಡುತ್ತಾರೆ ಅಂತ ಕೇಳುವುದೂ ಇಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಬೆಂಗಳೂರಿನ ಹೊರವಲಯದಲ್ಲಿ, ಕಾರ್ಖಾನೆಗಳು ಜಾಸ್ತಿ ಇರುವ ಕಡೆ ಒಂದು ಸಣ್ಣ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಬೇರೆ ಪರೀಕ್ಷೆಗಳ ಜೊತೆ ವೀರ್ಯ ಪರೀಕ್ಷೆಯೂ ನನ್ನದೇ. ಅದಕ್ಕೊಂದು ಫಾರಂ ಇದೆ. ಹೆಸರು, ವಯಸ್ಸು, ಮದುವೆಯಾಗಿ ಎಷ್ಟು ವರ್ಷ, ಎಷ್ಟು ದಿನದಿಂದ ಸಂಪರ್ಕ ಇಲ್ಲ, ಬೀಡಿ ಸಿಗರೇಟು ಉಂಟಾ, ಕುಡಿತ ಉಂಟಾ, ಇಷ್ಟೆಲ್ಲ ಬರೆಯಬೇಕು. ಉದ್ಯೋಗ ಅನ್ನೋ ಕಾಲಂ ಇಲ್ಲ. ಆಸ್ಪತ್ರೆಯಿಂದ ಬರುವ ಚೀಟಿಗಳಲ್ಲೂ ನಾನು ಅದನ್ನು ಕಂಡಿಲ್ಲ.

ಈ ಜನ ನಮ್ಮ ಲ್ಯಾಬಿಗೆ ಬರುವ ಹೊತ್ತಿಗೆ ಮನೆಯಲ್ಲಿ ಏನೇನು ಆಗಿರುತ್ತದೆ ಅಂತ ನಿಮಗೂ ಗೊತ್ತು. ಮದುವೆಯಾಗಿ ವರ್ಷ ತುಂಬುವ ಮುಂಚೆಯೇ "ಏನಾದ್ರೂ ವಿಶೇಷ ಉಂಟಾ?" ಅಂತ ಶುರುವಾಗುತ್ತದೆ. ಕೇಳುವುದು ಹೆಂಡತಿಯನ್ನೇ. ಥೈರಾಯ್ಡ್ ಪರೀಕ್ಷೆ ಅವಳಿಗೆ, ಸ್ಕ್ಯಾನಿಂಗ್ ಅವಳಿಗೆ, ಗರ್ಭನಾಳ ತೆರೆದಿದೆಯಾ ಅಂತ ನೋಡುವ ಆ ನೋವಿನ ಪರೀಕ್ಷೆಯೂ ಅವಳಿಗೆ, ತಿಂಗಳುಗಟ್ಟಲೆ ಮಾತ್ರೆಯೂ ಅವಳಿಗೆ. ಸೀಮಂತಕ್ಕೆ ಕರೆದರೆ ಹೋಗಲು ಹಿಂಜರಿಕೆ. ನಾಗರ ಪ್ರತಿಷ್ಠೆ ಮಾಡಿಸಲು ಘಾಟಿಗೋ ಕುಕ್ಕೆಗೋ ಹೋಗಿ ಬಂದಿರುತ್ತಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ, ನಾನೂ ಹರಕೆ ಹೊರುವ ಮನೆಯವಳೇ. ಆದರೆ ಇಷ್ಟೆಲ್ಲ ಮುಗಿದ ಮೇಲೆ ಕೊನೆಗೆ ಗಂಡನ ಸರದಿ ಬರುತ್ತದಲ್ಲ, ಅದು ಸರಿಯಲ್ಲ. ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಬಂಜೆತನದ ತೊಂದರೆ ಎದುರಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ.

ಫಾರಂನಲ್ಲಿ ಇಲ್ಲದಿದ್ದರೂ ನಾನೇ ಕೇಳಲು ಶುರು ಮಾಡಿದೆ. ಸ್ಯಾಂಪಲ್ ಡಬ್ಬಿ ಕೊಡುವಾಗ "ಏನು ಕೆಲಸ ನಿಮ್ಮದು?" ಅಂತ ಸುಮ್ನೆ ಮಾತಿಗೆ ಕೇಳಿದ ಹಾಗೆ. ಒಬ್ಬರು ತಲೆ ಎತ್ತದೆ ಹೇಳಿದರು: "ಬ್ಯಾಟರಿ ಪ್ಲೇಟ್ ಸೆಕ್ಷನ್ ಮೇಡಂ. ನಮ್ಮ ಸೆಕ್ಷನ್ನಲ್ಲೇ ಇನ್ನೂ ಮೂರ್ನಾಲ್ಕು ಜನಕ್ಕೆ ಮಕ್ಕಳಾಗಿಲ್ಲ." ಅವರ ರಿಪೋರ್ಟಿನಲ್ಲಿ ಕೌಂಟ್ ಕಡಿಮೆ ಇತ್ತು, ಚಲನೆಯೂ ಕಡಿಮೆ ಇತ್ತು. ಅದು ಸೀಸದಿಂದಲೇ ಆಗಿದ್ದು ಅಂತ ನಾನು ಹೇಳಲಾರೆ. ವೃಷಣದ ರಕ್ತನಾಳ ಊದಿಕೊಂಡಿರಬಹುದು, ಚಿಕ್ಕಂದಿನಲ್ಲಿ ಮಂಗನಬಾವು ಬಂದಿರಬಹುದು, ಕುಲುಮೆಯ ಶಾಖವೇ ಕಾರಣ ಇರಬಹುದು. ನನ್ನ ಸಂಕಟ ಅದಲ್ಲ. ಸೀಸ ಹೌದೋ ಅಲ್ಲವೋ ಅಂತ ತಿಳಿಯಲು ಬೇಕಾಗಿದ್ದು ಒಂದು ರಕ್ತ ಪರೀಕ್ಷೆ. ಅದನ್ನು ಯಾರೂ ಬರೆದುಕೊಡಲಿಲ್ಲ.

ಕಾರ್ಮಿಕರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಇಂಥ ಮಾತನ್ನು ತಳ್ಳಿಹಾಕಬೇಡಿ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಥ್ರಾಪ್ ಊರಿನ ಕೀಟನಾಶಕ ಕಾರ್ಖಾನೆಯಲ್ಲಿ ಆಗಿದ್ದೂ ಇದೇ. ಅಲ್ಲಿದ್ದದ್ದು ಲೋಹ ಅಲ್ಲ, ಡಿಬಿಸಿಪಿ ಅನ್ನೋ ರಾಸಾಯನಿಕ. ನಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಅಂತ ಅಲ್ಲಿನ ಗಂಡಸರು ತಾವೇ ಮಾತಾಡಿಕೊಂಡರು, ಪರೀಕ್ಷೆಗೆ ಒತ್ತಾಯಿಸಿದರು, ನೋಡಿದರೆ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಅದೇ ವರ್ಷ ಸರ್ಕಾರ ಆ ರಾಸಾಯನಿಕಕ್ಕೆ ಕಡಿವಾಣ ಹಾಕಿತು. ಮೊದಲು ಪತ್ತೆ ಹಚ್ಚಿದ್ದು ಡಾಕ್ಟರೂ ಅಲ್ಲ, ಇನ್‌ಸ್ಪೆಕ್ಟರೂ ಅಲ್ಲ.

ಸೀಸದ ವಿಷಯದಲ್ಲಂತೂ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಉಳಿದಿಲ್ಲ. 1860ರಲ್ಲೇ ಫ್ರಾನ್ಸಿನ ವೈದ್ಯ ಕಾನ್‌ಸ್ಟಂಟಿನ್ ಪಾಲ್, ಗಂಡ ಮಾತ್ರ ಸೀಸದ ಕೆಲಸ ಮಾಡುತ್ತಿದ್ದ ಮನೆಗಳಲ್ಲೂ ಹೆಂಡತಿಗೆ ಗರ್ಭಪಾತ ಆಗುವುದನ್ನು ಬರೆದಿಟ್ಟಿದ್ದರು. 1975ರಲ್ಲಿ ರೊಮೇನಿಯಾದಲ್ಲಿ ಸೀಸದ ಕೆಲಸ ಮಾಡುವ 150 ಗಂಡಸರನ್ನು ಪರೀಕ್ಷಿಸಿದಾಗ ಸೀಸ ಹೆಚ್ಚಾದಷ್ಟೂ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರೂ ಕೆಡುತ್ತಿದ್ದವು. 1996ರಲ್ಲಿ ಕೆನಡಾದ ಟ್ರೇಲ್ ಊರಿನ ಸೀಸ ಕುಲುಮೆಯ ಕಾರ್ಮಿಕರ ಅಧ್ಯಯನ ಬಂತು. ಅದರಲ್ಲಿ, ಒಂದು ಡೆಸಿಲೀಟರ್ ರಕ್ತದಲ್ಲಿ 40 ಮೈಕ್ರೋಗ್ರಾಂ ದಾಟಿದವರ ಒಟ್ಟು ವೀರ್ಯಾಣು ಸಂಖ್ಯೆ, 15ಕ್ಕಿಂತ ಕಡಿಮೆ ಇದ್ದವರ ಅರ್ಧದಷ್ಟೂ ಇರಲಿಲ್ಲ. 2002ರಲ್ಲಿ ಬ್ರಿಟನ್, ಇಟಲಿ, ಬೆಲ್ಜಿಯಂನ 503 ಜನರನ್ನು ನೋಡಿದ ಅಧ್ಯಯನದಲ್ಲೂ 50 ದಾಟಿದವರಲ್ಲಿ ವೀರ್ಯಾಣು ಸಾಂದ್ರತೆ 49% ಕಡಿಮೆ ಇತ್ತು. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಬರುವ ಉತ್ತರ ಒಂದೇ.

ಒಳಗೆ ಏನಾಗುತ್ತದೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಸೀಸ ಉಸಿರಿನ ಜೊತೆ, ಇಲ್ಲಾ ಕೈಯಿಂದ ಬಾಯಿಗೆ, ಒಳಗೆ ಹೋಗುತ್ತದೆ. ರಕ್ತದಲ್ಲಿ ಅದು ಕೆಂಪು ಕಣಗಳಿಗೆ ಅಂಟಿಕೊಂಡು ಓಡಾಡುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಂಡು ಮೂಳೆಯಲ್ಲಿ ಕೂಡಿಡುತ್ತದೆ, ಅಲ್ಲಿ ದಶಕಗಳ ಕಾಲ ಇರುತ್ತದೆ. ವೀರ್ಯಾಣುವಿನ ತಲೆಯೊಳಗೆ ತಂದೆಯ ವಂಶವಾಹಿಯನ್ನು ಬಿಗಿಯಾಗಿ ಸುತ್ತಿಡುವ ಒಂದು ಪ್ರೋಟೀನ್ ಇದೆ, ಅದಕ್ಕೆ ಸತು ಬೇಕು. ಸತುವಿನ ಜಾಗದಲ್ಲಿ ಸೀಸ ಹೋಗಿ ಕೂತರೆ ಆ ಸುತ್ತು ಸರಿಯಾಗಿ ಕೂರುವುದಿಲ್ಲ. ವೃಷಣಕ್ಕೆ ಆಜ್ಞೆ ಕೊಡುವ ಹಾರ್ಮೋನುಗಳಿಗೂ ಅದು ಅಡ್ಡಿ ಮಾಡುತ್ತದೆ. ಇದ್ಯಾವುದೂ ಆ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಕೈಕಾಲು ಗಟ್ಟಿ ಇರುತ್ತವೆ, ಗಂಡ ಹೆಂಡಿರ ಸಂಬಂಧದಲ್ಲಿ ತೊಂದರೆ ಇರುವುದಿಲ್ಲ, ಆದ್ದರಿಂದ "ನನಗೇನಾಗಿದೆ, ನಾನು ಸರಿಯಾಗೇ ಇದ್ದೀನಿ" ಅಂತ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಇನ್ನೊಂದು ಕಡೆ ಭರವಸೆಯ ವಿಷಯವೂ ಇದೆ, ಅದಕ್ಕಾಗಿಯೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅಂದರೆ ಎರಡೂವರೆ ಮೂರು ತಿಂಗಳಿಗೊಮ್ಮೆ ಹೊಸ ಬೆಳೆ ಬಂದ ಹಾಗೆ. ಸೀಸದ ಧೂಳಿನಿಂದ ದೂರ ಬಂದರೆ ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಕೆಲಸಗಾರರಿಗೆ ಮೂಳೆಯಿಂದ ಮತ್ತೆ ಸೋರುವುದರಿಂದ ನಿಧಾನ ಆಗುತ್ತದೆ, ನಿಜ. ಆದರೂ ಬ್ಯಾಟರಿ ಕಾರ್ಮಿಕರ ರಕ್ತದ ಸೀಸ ಇಳಿದ ಹಾಗೆಲ್ಲ ವೀರ್ಯದ ಗುಣಮಟ್ಟ ಸುಧಾರಿಸಿದ್ದು ದಾಖಲಾಗಿದೆ. ಲಕ್ಷಗಟ್ಟಲೆ ಸಾಲ ಮಾಡಿ ಐವಿಎಫ್‌ಗೆ (ಪ್ರಣಾಳ ಶಿಶು ಚಿಕಿತ್ಸೆಗೆ) ಹೋಗುವ ಮುಂಚೆ, ಕೆಲವು ತಿಂಗಳು ಬೇರೆ ಸೆಕ್ಷನ್‌ನಲ್ಲಿ ಕೆಲಸ ಮಾಡುವ ಅವಕಾಶ ಆ ಮನುಷ್ಯನಿಗೆ ಸಿಗಬೇಕಲ್ವಾ?

ಇದು ಎಲ್ಲೋ ಒಂದಿಬ್ಬರ ಕಥೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಸುಮಾರು 85% ಹೋಗುವುದು ಬ್ಯಾಟರಿಗೆ. ಬೈಕು, ಆಟೋ, ಲಾರಿ, ಮನೆಯ ಯುಪಿಎಸ್, ಮೊಬೈಲ್ ಟವರ್, ಈಗ ಇ-ರಿಕ್ಷಾ. ಹಳೆಯ ಬ್ಯಾಟರಿಗೆ ಒಳ್ಳೆ ಬೆಲೆ ಇದೆ. ಸೀಸ 327 ಡಿಗ್ರಿಗೇ ಕರಗುತ್ತದೆ, ಒಂದು ಕಬ್ಬಿಣದ ಬಾಣಲೆ, ಸೌದೆ, ಒಂದು ಶೆಡ್ ಇದ್ದರೆ ಸಾಕು. ದೊಡ್ಡ ಕಂಪನಿಗಳಲ್ಲಿ ಗಾಳಿ ಎಳೆಯುವ ಯಂತ್ರ, ಮಾಸ್ಕ್, ವೈದ್ಯರು ಇರುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಗುಜರಿ ಅಂಗಡಿಯ ಹಿಂದೆ ಕೊಡಲಿಯಿಂದ ಬ್ಯಾಟರಿ ಒಡೆದು, ಆಸಿಡ್ ಮೋರಿಗೆ ಚೆಲ್ಲಿ, ಪ್ಲೇಟ್ ಕಿತ್ತು ಕರಗಿಸುವ ಹುಡುಗನಿಗೆ ಏನಿದೆ? ಮುಖಕ್ಕೆ ಒಂದು ಕರ್ಚೀಫು. ಸೀಸದ ಹೊಗೆಯ ಕಣ ಕರ್ಚೀಫಿನಲ್ಲಿ ನಿಲ್ಲುವುದಿಲ್ಲ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗುತ್ತಾನೆ, ಹೆಂಡತಿ ಅದನ್ನು ಮನೆಮಂದಿಯ ಬಟ್ಟೆಯ ಜೊತೆಗೇ ನೆನೆಹಾಕುತ್ತಾಳೆ. ಹಳೆ ಬ್ಯಾಟರಿಯ ಲೆಕ್ಕ ಇಡಲು 2001ರಲ್ಲೇ ನಿಯಮ ಬಂತು, 2022ರಲ್ಲಿ ಹೊಸ ನಿಯಮ ಬಂತು. ಆ ಲೆಕ್ಕ ಬ್ಯಾಟರಿಯದ್ದು. ಅದನ್ನು ಒಡೆದವನ ಮೈಯೊಳಗೆ ಎಷ್ಟು ಸೀಸ ಉಳಿಯಿತು ಅನ್ನುವ ಲೆಕ್ಕ ಅದರಲ್ಲಿಲ್ಲ.

ಸೀಸ ಒಂದೇ ಅಲ್ಲ. ಕೆಡಿಎಂ ಚಿನ್ನ ಅಂತ ನಾವೆಲ್ಲ ಕೊಂಡಿದ್ದೇವಲ್ಲ, ಅದರ ಬೆಸುಗೆಗೆ ಹಾಕುತ್ತಿದ್ದದ್ದು ಕ್ಯಾಡ್ಮಿಯಂ. ಅದರ ಹೊಗೆ ಕುಡಿದವರು ನಗರ್ತಪೇಟೆಯಂಥ ಕಡೆ ಸಣ್ಣ ಕೋಣೆಗಳಲ್ಲಿ ಕೂತು ಒಡವೆ ಮಾಡಿದ ಕುಶಲಕರ್ಮಿಗಳು. ಸ್ವಲ್ಪವೇ ಕ್ಯಾಡ್ಮಿಯಂ ಇಲಿಗಳ ವೃಷಣವನ್ನು ಹಾಳುಮಾಡುತ್ತದೆ ಅಂತ 1950ರ ದಶಕದಲ್ಲೇ ಕಂಡುಕೊಂಡಿದ್ದರು. ಬೀಡಿ ಸಿಗರೇಟಿನ ಹೊಗೆಯಲ್ಲೂ ಕ್ಯಾಡ್ಮಿಯಂ ಇದೆ. ಹಳೆ ಕಂಪ್ಯೂಟರ್, ಟಿವಿ ಬಿಚ್ಚಿ ಬೆಸುಗೆ ಕರಗಿಸುವ ಗೋರಿಪಾಳ್ಯ, ನಾಯಂಡಹಳ್ಳಿ ಕಡೆಯ ಹುಡುಗರಿಗೆ ಎರಡೂ ಸೇರಿಯೇ ಸಿಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಆರೋಗ್ಯ ಸಚಿವರು ದಯವಿಟ್ಟು ಗಮನಿಸಿ. ಮಕ್ಕಳಾಗಲಿಲ್ಲ ಅಂತ ಕುಗ್ಗಿಹೋದ ಗಂಡಸು ಮೊದಲು ಹೋಗುವುದು ಆಸ್ಪತ್ರೆಗೆ ಅಲ್ಲ. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಗುಪ್ತರೋಗ, ನರದೌರ್ಬಲ್ಯ ಅಂತ ಬರೆದಿರುವ ನಂಬರಿಗೆ, ತಿಂಗಳಿಗೊಮ್ಮೆ ಲಾಡ್ಜಿಗೆ ಬರುವವರ ಹತ್ತಿರ ಹೋಗುತ್ತಾನೆ. ಅವರು ಪೊಟ್ಟಣದಲ್ಲಿ ಭಸ್ಮ ಕೊಡುತ್ತಾರೆ. ನಾಗ ಭಸ್ಮ ಅಂದರೆ ಸೀಸದಿಂದಲೇ ಮಾಡಿದ್ದು. ಓದಿದ ಆಯುರ್ವೇದ ವೈದ್ಯರನ್ನು ನಾನು ದೂರುತ್ತಿಲ್ಲ, ಲೇಬಲ್ ಇಲ್ಲದ ಪೊಟ್ಟಣದ ಬಗ್ಗೆ ಹೇಳುತ್ತಿದ್ದೇನೆ. 2004ರಲ್ಲಿ ಅಮೆರಿಕದ ಬಾಸ್ಟನ್‌ನ ಅಂಗಡಿಗಳಲ್ಲಿ ಕೊಂಡ, ನಮ್ಮ ಕಡೆಯಿಂದ ಹೋದ 70 ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಸಿಕ್ಕಿತ್ತು. ಹಗಲು ಕಾರ್ಖಾನೆಯಲ್ಲಿ ಸೀಸ ಕುಡಿದವನು ರಾತ್ರಿ ಮಗುವಿನ ಆಸೆಗೆ ಮತ್ತೆ ಸೀಸವನ್ನೇ ನುಂಗಿದರೆ ಆ ಮನೆಯ ಗತಿ ಏನು?

ಈಗ ಕಾರ್ಮಿಕ ಸಚಿವರಿಗೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ವೈದ್ಯರು ಕಂಡ ಕೂಡಲೇ ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿ ಇತ್ತು. ಅದರಲ್ಲಿ ಮೊದಲನೆಯದೇ ಸೀಸದ ವಿಷ. ಕಾರ್ಮಿಕರ ವಿಮೆಯ ಇಎಸ್‌ಐ ಕಾಯ್ದೆಯಲ್ಲೂ, 1923ರ ಪರಿಹಾರ ಕಾಯ್ದೆಯಲ್ಲೂ ಅದು ಉದ್ಯೋಗದಿಂದ ಬರುವ ರೋಗ ಆಗಿತ್ತು. ಕಾನೂನು ಇರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಆದರೆ ಆ ಕಾನೂನಿನ ಕಣ್ಣಿಗೆ ಸೀಸದಿಂದ ಸಂತಾನಕ್ಕೆ ಆಗುವ ಹಾನಿ ಅಂದರೆ ಹೆಂಗಸಿನ ವಿಷಯ ಮಾತ್ರ ಆಗಿತ್ತು. ಬ್ಯಾಟರಿ ತಯಾರಿಕೆಯ ಕೆಲವು ಸೀಸದ ಕೆಲಸಗಳಿಗೆ ಹೆಂಗಸರನ್ನು ಸೇರಿಸಲೇಬಾರದು ಅಂತ ಹಳೆಯ ನಿಯಮಗಳು ಹೇಳುತ್ತಿದ್ದವು. ಗಂಡಸಿಗೆ ಅಂಥ ಯಾವ ರಕ್ಷಣೆಯೂ ಇರಲಿಲ್ಲ. ಅವನಿಗೇನೂ ಆಗಲ್ಲ ಅಂದುಕೊಂಡಿದ್ದರು.

ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಲ್ಲಿನ ಜಾನ್ಸನ್ ಕಂಟ್ರೋಲ್ಸ್ ಅನ್ನೋ ಬ್ಯಾಟರಿ ಕಂಪನಿ 1982ರಲ್ಲಿ, ಮಗು ಹೆರಬಲ್ಲ ಹೆಂಗಸರಿಗೆ ಸೀಸದ ಕೆಲಸವೇ ಬೇಡ ಅಂತ ನಿಯಮ ಮಾಡಿತು. ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. ಅರ್ಜಿ ಹಾಕಿದವರಲ್ಲಿ ಡೊನಾಲ್ಡ್ ಪೆನ್ನಿ ಅನ್ನೋ ಒಬ್ಬ ಗಂಡಸೂ ಇದ್ದರು. ತಂದೆ ಆಗಬೇಕು, ರಕ್ತದ ಸೀಸ ಇಳಿಸಿಕೊಳ್ಳಲು ಸ್ವಲ್ಪ ಕಾಲ ರಜೆ ಕೊಡಿ ಅಂತ ಅವರು ಕೇಳಿದ್ದರು, ಕಂಪನಿ ಕೊಡಲಿಲ್ಲ. 1991ರಲ್ಲಿ ತೀರ್ಪು ಬಂತು. ಸೀಸ ಗಂಡಸಿನ ಸಂತಾನ ಶಕ್ತಿಗೂ ಕೆಟ್ಟದ್ದು ಅನ್ನುವ ಪುರಾವೆ ಇದ್ದರೂ ನಿಯಮ ಹೆಂಗಸಿಗೆ ಮಾತ್ರ ಯಾಕೆ ಅಂತ ಕೋರ್ಟು ಎತ್ತಿ ತೋರಿಸಿತು, ಆ ನಿಯಮ ಬಿದ್ದುಹೋಯಿತು. ಅದಕ್ಕೂ ಮುಂಚೆ, 1978ರಲ್ಲೇ, ಆ ದೇಶದ ಸೀಸದ ನಿಯಮದಲ್ಲಿ ಎರಡು ವಿಷಯ ಸೇರಿದ್ದವು. ಮಗು ಬೇಕು ಅನ್ನುವ ಕಾರ್ಮಿಕ, ಗಂಡಾಗಲಿ ಹೆಣ್ಣಾಗಲಿ, ರಕ್ತದ ಸೀಸವನ್ನು ಡೆಸಿಲೀಟರಿಗೆ 30 ಮೈಕ್ರೋಗ್ರಾಂಗಿಂತ ಕೆಳಗೆ ಇಟ್ಟುಕೊಳ್ಳಬೇಕು ಅನ್ನುವುದು ಒಂದು. ಕಾರ್ಮಿಕ ಕೇಳಿದರೆ ಗಂಡಸಿನ ಸಂತಾನ ಶಕ್ತಿಯ ಪರೀಕ್ಷೆಯನ್ನೂ ವೈದ್ಯಕೀಯ ತಪಾಸಣೆಯಲ್ಲಿ ಸೇರಿಸಬೇಕು ಅನ್ನುವುದು ಇನ್ನೊಂದು.

2025ರ ನವೆಂಬರ್ 21ರಿಂದ ನಮ್ಮಲ್ಲೂ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೆಂಗಸರು ಎಲ್ಲ ಥರದ ಕೆಲಸ ಮಾಡಬಹುದು, ಅಪಾಯದ ಕೆಲಸವಾದರೆ ಮೊದಲು ರಕ್ಷಣೆ ಕೊಡಿ ಅಂತ ಅವು ಹೇಳುತ್ತವೆ. ಒಳ್ಳೆಯದೇ. ಆ ರಕ್ಷಣೆ ಏನು ಅಂತ ರಾಜ್ಯದ ನಿಯಮದಲ್ಲಿ ಬರೆಯುವಾಗ ಗಂಡಸಿನ ಹೆಸರನ್ನೂ ಸೇರಿಸಿ. ಕೇಳಿದ ಕಾರ್ಮಿಕನಿಗೆ ಕಾರ್ಖಾನೆಯ ಖರ್ಚಿನಲ್ಲಿ ವೀರ್ಯ ಪರೀಕ್ಷೆ ಆಗಲಿ, ರಿಪೋರ್ಟ್ ಅವನ ಕೈಗೆ ಮಾತ್ರ ಹೋಗಲಿ, ಸೂಪರ್‌ವೈಸರ್ ಕೈಗೆ ಬೇಡ. ಮಗುವಿಗೆ ಪ್ರಯತ್ನಿಸುತ್ತಿದ್ದೇನೆ ಅಂದವನಿಗೆ ಸಂಬಳ ಕಡಿತ ಇಲ್ಲದೆ ಸೀಸ ಇಲ್ಲದ ಸೆಕ್ಷನ್ ಕೊಡಲಿ. ಈ ಸಂಬಳದ ಮಾತು ತುಂಬಾ ಮುಖ್ಯ. ಅದು ಇಲ್ಲದಿದ್ದರೆ ಯಾರೂ ಪರೀಕ್ಷೆಗೇ ಬರುವುದಿಲ್ಲ. ಸೀಸ ಜಾಸ್ತಿ ಬಂತು ಅಂತ ಗೊತ್ತಾದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಅನ್ನುತ್ತಾನೆ, ಆ ಹೆದರಿಕೆಯನ್ನು ನಾನು ಎಷ್ಟೋ ಜನರ ಮುಖದಲ್ಲಿ ನೋಡಿದ್ದೇನೆ. ಬೆಲ್ಲ, ಬಾಳೆಹಣ್ಣು, ಹಾಲು ಕೊಟ್ಟರೆ ಧೂಳು ತೊಳೆದುಹೋಗುತ್ತದೆ ಅನ್ನುವ ನಂಬಿಕೆ ಕಾರ್ಖಾನೆಗಳಲ್ಲಿ ಇದೆ. ಹಾಲು ಕುಡಿಯಲಿ, ಹೊಟ್ಟೆಗೆ ಒಳ್ಳೆಯದು, ಆದರೆ ಶ್ವಾಸಕೋಶದಿಂದ ರಕ್ತಕ್ಕೆ ಹೋದ ಸೀಸವನ್ನು ಅದು ತೊಳೆಯುವುದಿಲ್ಲ. ಒಣ ಪೊರಕೆಯಿಂದ ಗುಡಿಸುವುದನ್ನು ನಿಲ್ಲಿಸಿ ನೀರು ಹಾಕಿ ಒರೆಸುವುದು, ಊಟಕ್ಕೆ ಮುಂಚೆ ಕೈ ಮುಖ ತೊಳೆಯಲು ನೀರು ಸೋಪು ಇಡುವುದು, ಮನೆಗೆ ಹೋಗುವ ಮುಂಚೆ ಸ್ನಾನ, ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಒಗೆಯುವುದು, ಇವು ಮಾಡುವ ಕೆಲಸ ದೊಡ್ಡದು.

ಆರೋಗ್ಯ ಸಚಿವರೇ, ನಿಮ್ಮ ಕಡೆ ಆಗಬೇಕಾದ್ದು ಇನ್ನೂ ಸುಲಭ. ಮಕ್ಕಳಾಗಿಲ್ಲ ಅಂತ ಬರುವ ಜೋಡಿಗೆ ಮೊದಲ ದಿನವೇ ಗಂಡ ಹೆಂಡತಿ ಇಬ್ಬರ ಕೆಲಸವನ್ನೂ ಕೇಳುವ ಒಂದು ಸಾಲನ್ನು ಸರ್ಕಾರಿ ಆಸ್ಪತ್ರೆಯ ಫಾರಂನಲ್ಲಿ ಅಚ್ಚು ಹಾಕಿಸಿ. 2021ರ ಕಾಯ್ದೆಯಡಿ ನೋಂದಣಿಯಾಗುವ ಐವಿಎಫ್ ಕೇಂದ್ರಗಳಿಗೂ ಅದನ್ನೇ ಹೇಳಿ. ಬ್ಯಾಟರಿ, ಸೀಸ, ಬೆಸುಗೆ, ಗುಜರಿ, ಚಿನ್ನದ ಕೆಲಸ, ಪೇಂಟ್ ಅಂತ ಉತ್ತರ ಬಂದರೆ ರಕ್ತದ ಸೀಸ ಪರೀಕ್ಷೆ ಬರೆದುಕೊಡುವ ಪದ್ಧತಿ ಆಗಲಿ, ಮತ್ತು ಆ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೂ ಇಎಸ್‌ಐ ಆಸ್ಪತ್ರೆಯಲ್ಲೂ ದುಡ್ಡಿಲ್ಲದೆ ಸಿಗಲಿ. ರಕ್ತವನ್ನು ಅಲ್ಲಿ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರೂ ಸಾಕು, ಎಲ್ಲ ಕಡೆ ಯಂತ್ರ ಬೇಕಿಲ್ಲ. ಸೀಸ ಇಳಿಸುವ ಔಷಧಿ ಕೊಟ್ಟು ಅದೇ ಧೂಳಿಗೆ ವಾಪಸ್ ಕಳಿಸುವ ಚಿಕಿತ್ಸೆ ಮಾತ್ರ ಬೇಡ. ಧೂಳಿನಿಂದ ಹೊರಗೆ ತರುವುದೇ ಮೊದಲ ಚಿಕಿತ್ಸೆ ಅಂತ ವೈದ್ಯರಿಗೂ ಬರೆದು ತಿಳಿಸಿ.

ಇದಕ್ಕೆ ಬೇಕಾದ ತಿಳಿವಳಿಕೆ ನಮ್ಮ ಊರಲ್ಲೇ ಇದೆ. 1999ರಲ್ಲಿ ಬೆಂಗಳೂರು ಸೇರಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದೆ ಅಂತ ತೋರಿಸಿದ ಕೆಲಸ ಬೆಂಗಳೂರಿನದ್ದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಅಲ್ಲೇ ಸೀಸಕ್ಕಾಗಿ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ದೇವನಹಳ್ಳಿ ಕಡೆ ಕೇಂದ್ರ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಭಾರತದ ಶಾಖೆ ಇದೆ, ಅವರು ಬ್ಯಾಟರಿ ಕಾರ್ಮಿಕರ ಮೇಲೆ ಅಧ್ಯಯನ ಮಾಡಿದವರು. ನಿಮ್ಮ ಎರಡೂ ಇಲಾಖೆಯ ಅಧಿಕಾರಿಗಳನ್ನು ಅವರ ಜೊತೆ ಒಂದು ದಿನ ಕೂರಿಸಿ. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ, ಮಾಲೂರು, ಈ ನಾಲ್ಕು ಕಡೆಯಿಂದ ಶುರು ಮಾಡಿದರೂ ಆದೀತು. ನೋಂದಣಿಯಾದ ಕಾರ್ಖಾನೆಗಳ ಪಟ್ಟಿ ನಿಮ್ಮಲ್ಲಿದೆ. ನೋಂದಣಿ ಇಲ್ಲದ ಶೆಡ್‌ಗಳನ್ನು ಹುಡುಕಲು ಆಶಾ ಕಾರ್ಯಕರ್ತೆಯರನ್ನು ಕೇಳಿ, ಯಾವ ಬೀದಿಯಲ್ಲಿ ಸೀಸ ಕರಗಿಸುವ ಹೊಗೆ ಬರುತ್ತದೆ, ಯಾವ ಮನೆಯಲ್ಲಿ ಮಕ್ಕಳಾಗಿಲ್ಲ, ಎರಡೂ ಅವರಿಗೆ ಗೊತ್ತಿರುತ್ತದೆ. ಶೆಡ್ ಮುಚ್ಚಿಸುವ ಮೊದಲು ಅಲ್ಲಿ ದುಡಿಯುವವರ ರಕ್ತ ತೆಗೆದುಕೊಳ್ಳಿ, ಇಲ್ಲದಿದ್ದರೆ ಅವರು ರಾತ್ರೋರಾತ್ರಿ ಇನ್ನೊಂದು ಊರಿನ ಶೆಡ್‌ಗೆ ಹೋಗುತ್ತಾರೆ, ಯಾವ ದಾಖಲೆಯೂ ಉಳಿಯುವುದಿಲ್ಲ.

ನಮ್ಮ ಲ್ಯಾಬಿನ ಫಾರಂನಲ್ಲಿ ಉದ್ಯೋಗದ ಕಾಲಂ ಸೇರಿಸಲು ಮಾಲೀಕರನ್ನು ಕೇಳಿದ್ದೇನೆ, ಡಾಕ್ಟರು ಕೇಳದ್ದನ್ನು ನಾವ್ಯಾಕೆ ಬರೆಯಬೇಕು ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಡಾಕ್ಟರು ಕೇಳಬೇಕಾದರೆ ನಿಮ್ಮಿಂದ ಸುತ್ತೋಲೆ ಬರಬೇಕು. ಎರಡೂ ಇಲಾಖೆ ಸೇರಿ ಹೊರಡಿಸಿದ ಒಂದು ಪುಟದ ಸುತ್ತೋಲೆ ಸಾಕು, ಅದರ ಪ್ರತಿ ಖಾಸಗಿ ಲ್ಯಾಬ್‌ಗಳಿಗೂ ಕಳಿಸಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್
ಬೆಂಗಳೂರು ಗ್ರಾಮಾಂತರ ಜಿಲ್ಲೆ